ಟೊಂಕದ ನೋವು ಗಾದಿಯಲ್ಲಿತ್ತು

ಮುಂಜಾನೆ ಏಳುವಾಗ ಟೊಂಕ ಹಿಡಿದುಕೊಂಡಿರೋದು, ಹತ್ತು ಗಂಟೆಗೆ ತಾನೇ ಸಡಿಲ. ಹೀಗೇ 8 ತಿಂಗಳು. ಆಳಂದದ ಮನೆಯಲ್ಲಿ ಚಾಪೆ ಮೇಲೆ ಜಮಖಾನ ಹಾಸಿ ಮಲಗಿದ ಮೂರೂ ದಿನ ನೋವೇ ಇಲ್ಲ! ಅಲ್ಲೇ ಅನುಮಾನ ಬಂತು.

ಕಲಬುರಗಿಗೆ ಬಂದವನೇ ಫೋಮ್ ಗಾದಿಯ ಮೇಲೆ ಈ ತುದಿಯಿಂದ ಆ ತುದಿಗೆ ದಾರ ಬಿಗಿದೆ. ಟೊಂಕ ಬರುವ ಜಾಗದಲ್ಲಿ ದಾರದ ಕೆಳಗೆ ಎರಡು ಬೆರಳು ಅಡ್ಡಲಾಗಿ ಸಲೀಸಾಗಿ ಹೋದವು. ರಾತ್ರಿಯಿಡೀ ಬೆನ್ನು ಆ ಗುಂಡಿಯಲ್ಲೇ. ಕೆಳಗೆ ಪ್ಲೈವುಡ್ ಇಟ್ಟು ನೋಡಿದೆ. ಕುಸಿದದ್ದು ಫೋಮೇ, ಉಪಯೋಗವಾಗಲಿಲ್ಲ.

ಕೊನೆಗೆ ಹತ್ತಿ ಗಾದಿ ಹೊಲಿಸಿದೆ. ತೀರಾ ಕಲ್ಲಿನಂತಲ್ಲ, ಮಧ್ಯಮ ಗಟ್ಟಿ. ಹದಿನೈದು ದಿನಕ್ಕೊಮ್ಮೆ ಮಾಳಿಗೆ ಮೇಲೆ ಒಣಹಾಕಿ ಮಗ್ಗಲು ಬದಲಿಸುತ್ತೇನೆ. ನಮ್ಮ ಬಿಸಿಲಿಗೆ ಹತ್ತಿ ಮತ್ತೆ ಉಬ್ಬುತ್ತದೆ. ಮೂರನೇ ವಾರಕ್ಕೆ ಗೋಡೆ ಹಿಡಿಯದೇ ಬಗ್ಗಿ ಬೂಟಿನ ಲೇಸ್ ಕಟ್ಟಿದೆ. ಕಾಲಿಗೆ ಜೋಮು ಇಳಿಯುತ್ತಿದ್ದರೆ ಮಾತ್ರ ಗಾದಿ ನಂಬಿ ಕೂರಬೇಡಿ, ಡಾಕ್ಟರಿಗೆ ತೋರಿಸಿ.