ಬಾಡಿಗೆಗೆಂದೇ ಮನೆ ಕೊಳ್ಳುವ ಮೊದಲು ಈ ಲೆಕ್ಕ ಹಾಕಿ

ಬೆಂಗಳೂರಿನಲ್ಲಿ ಬಾಡಿಗೆಗೆ ಕೊಡಲೆಂದೇ ಒಂದು ಸಣ್ಣ ಫ್ಲ್ಯಾಟ್ ಕೊಳ್ಳುವ ಯೋಚನೆ ಇದೆಯಾ? ಮನೆ ನೋಡಲು ಹೊರಡುವ ಮೊದಲು ಪೆನ್ನು, ಹಾಳೆ ಹಿಡಿದು ಕೂರಿ. ‘ಬಾಡಿಗೆಯಲ್ಲೇ ಇಎಂಐ ಕಟ್ಟಿಕೊಂಡು ಹೋಗಬಹುದು’ ಅನ್ನುವ ಬ್ರೋಕರ್ ಮಾತು ಸಾಲ ದೊಡ್ಡದಿದ್ದರೆ ನಡೆಯುವುದಿಲ್ಲ.

ಮೊದಲು ಕೈಯಿಂದ ಹಾಕಬೇಕಾದ ಹಣ. ಫ್ಲ್ಯಾಟಿಗೆ 50 ಲಕ್ಷ ಅಂದುಕೊಳ್ಳಿ. 30 ಲಕ್ಷ ದಾಟಿ 75 ಲಕ್ಷದವರೆಗಿನ ಗೃಹಸಾಲಕ್ಕೆ ಆರ್‌ಬಿಐ ಹಾಕಿರುವ ಮಿತಿ ಬೆಲೆಯ ಶೇ 80. ಅಂದರೆ ಸಾಲ 40 ಲಕ್ಷ, ನಿಮ್ಮದು 10 ಲಕ್ಷ. ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಇವೇ 3.8 ಲಕ್ಷ. ಈ ಖರ್ಚನ್ನು ಸಾಲದ ಲೆಕ್ಕಕ್ಕೆ ಸೇರಿಸುವಂತಿಲ್ಲ. ಹಾಗಾಗಿ ಸುಮಾರು 14 ಲಕ್ಷ ಕೈಯಲ್ಲಿರಲೇಬೇಕು.

ಆಮೇಲೆ ತಿಂಗಳ ಲೆಕ್ಕ. ಶೇ 8.5 ಬಡ್ಡಿ, 20 ವರ್ಷ ಅಂದರೆ ಇಎಂಐ ಸುಮಾರು 34,700 ರೂಪಾಯಿ. ಬಾಡಿಗೆ 18,000 ಬಂದರೂ 16,700 ಸಂಬಳದಿಂದಲೇ ಹೋಗಬೇಕು. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಇರುತ್ತದೆ ಅಂತಲೇ ಹಿಡಿಯಿರಿ. ಆಸ್ತಿ ತೆರಿಗೆ, ಪೇಂಟಿಂಗ್, ನಲ್ಲಿ ರಿಪೇರಿಗೆ 30,000 ಕಳೆಯಿರಿ. ಇಎಂಐ ಕಟ್ಟುವ ಮೊದಲು ವರ್ಷಕ್ಕೆ ಉಳಿಯುವುದು 1.68 ಲಕ್ಷ, ಅಂದರೆ ಹಾಕಿದ ಬೆಲೆಯ ಶೇ 3.4ರಷ್ಟು. ಇಷ್ಟು ವರ್ಷ ಸಂಬಳದಿಂದ ಕಂತಿಗೆ ಹಣ ಹಾಕಲು ಆಗಲ್ಲ ಅನಿಸಿದರೆ ಸಾಲ ಕಡಿಮೆ ಮಾಡಿ, ಇಲ್ಲವೇ ಇನ್ನಷ್ಟು ಕೂಡಿಟ್ಟು ಕೊಳ್ಳಿ.

ಫ್ಲ್ಯಾಟ್ ಬೇಡ, 20x30 ಸೈಟಿನಲ್ಲಿ ನಾಲ್ಕೈದು ಮನೆ ಇರುವ ‘ರೆಂಟಲ್ ಇನ್‌ಕಮ್’ ಕಟ್ಟಡ ಸಾಕು ಅನ್ನುವವರು ಜಾಸ್ತಿ. ಬಾಡಿಗೆಯೇನೋ ಚೆನ್ನಾಗಿ ಬರುತ್ತದೆ. ಆದರೆ ಮಂಜೂರಾದ ಪ್ಲಾನ್ ಹಿಡಿದುಕೊಂಡೇ ಮಹಡಿ ಎಣಿಸಿ. ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡ್ ನೋಡಿ. ಐದು ಮನೆಗೆ ಎರಡೇ ಮೀಟರ್ ಇದ್ದರೆ ಯಾಕೆ ಅಂತ ಕೇಳಿ. ಸಂಪಿನ ಮುಚ್ಚಳ ತೆಗೆಸಿ. ಕಾವೇರಿ ನೀರು ಬರುತ್ತದಾ, ಬೋರ್‌ವೆಲ್ ಮಾತ್ರವಾ ಅನ್ನುವುದನ್ನು ಮಾಲೀಕರಿಗಿಂತ ಮೇಲಿನ ಮನೆಯ ಬಾಡಿಗೆದಾರರ ಬಳಿ ವಿಚಾರಿಸುವುದು ಒಳ್ಳೆಯದು. 2024ರ ಬೇಸಿಗೆಯಲ್ಲಿ ಬೋರ್ ಬತ್ತಿದ ಕಡೆ ಟ್ಯಾಂಕರ್ ಖರ್ಚೇ ಬಾಡಿಗೆಯನ್ನು ತಿಂದುಹಾಕಿತ್ತು. ಕಟ್ಟಡದ ಓಸಿ (ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ) ಅಥವಾ ಕಂಪ್ಲೀಷನ್ ಸರ್ಟಿಫಿಕೇಟ್ ನೋಡಿಯೇ ಸಾಲ ಕೊಡಬೇಕು ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕುಗಳಿಗೆ ಹೇಳಿದೆ. ಆ ಕಾಗದ ಕೇಳದೆ ಮುಂಗಡ ಕೊಡಬೇಡಿ.

ಉಳಿದ ಕಾಗದಗಳು ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ ದಾಖಲೆ), 30 ವರ್ಷದ ಇಸಿ (ಆಸ್ತಿಯ ಮೇಲಿನ ಮಾರಾಟ, ಸಾಲದ ನೋಂದಣಿ ವಿವರ), ಮದರ್ ಡೀಡ್ (ಮೂಲ ಹಕ್ಕುಪತ್ರ), ತೆರಿಗೆ ರಸೀದಿ. ಬಿ ಖಾತಾ (ನಿಯಮದಂತೆ ಅನುಮತಿ ಇಲ್ಲದ ಆಸ್ತಿಯ ಖಾತೆ) ಆಗಿದ್ದರೆ ಸಾಲ ಕೊಡಲು ಎಷ್ಟೋ ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ. ಇವನ್ನೆಲ್ಲ ಓದಲು ನಿಮ್ಮದೇ ವಕೀಲರು ಇರಲಿ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟುವುದು ನಿಮ್ಮ ಕೆಲಸ.

ಸಾಲದ ಭಾರ ಇಳಿಸಲು ಮನೆಯನ್ನು ಭೋಗ್ಯಕ್ಕೆ (ತಿಂಗಳ ಬಾಡಿಗೆ ಬದಲು ದೊಡ್ಡ ಮೊತ್ತ ಒಟ್ಟಿಗೆ ಪಡೆದು) ಹಾಕಿ ಅಂತ ಯಾರಾದರೂ ಸಲಹೆ ಕೊಡುತ್ತಾರೆ. ಬ್ಯಾಂಕಿಗೆ ಅಡ ಇಟ್ಟ ಮನೆಯಾದರೆ ದಯವಿಟ್ಟು ಬೇಡ. ನಾಳೆ ಕಂತು ತಪ್ಪಿ ಬ್ಯಾಂಕ್ ಬೀಗ ಹಾಕಿದರೆ, ಜೀವಮಾನದ ಉಳಿತಾಯ ಕೊಟ್ಟು ಬಂದಿರುವ ಕುಟುಂಬ ಬೀದಿಗೆ ಬೀಳುತ್ತದೆ.

ಬಾಡಿಗೆ ಕರಾರನ್ನು ಸಾಮಾನ್ಯವಾಗಿ 11 ತಿಂಗಳಿಗೆ ಮಾಡುತ್ತಾರೆ, ಏಕೆಂದರೆ ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ಕೀಲಿ ಕೊಡುವಾಗ ಗೋಡೆ, ನಲ್ಲಿ, ಸಿಂಕ್‌ನ ಫೋಟೊ ತೆಗೆದು ಇಬ್ಬರೂ ಇಟ್ಟುಕೊಳ್ಳಿ. ಮನೆ ಬಿಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತೀರಿ ಅನ್ನುವುದನ್ನು ಅಂದೇ ಬರೆಯಿರಿ. ಜಗಳ ಶುರುವಾಗುವುದೇ ಅಲ್ಲಿ, ಅಲ್ವಾ?

ಬಂದ ಬಾಡಿಗೆಯಲ್ಲಿ ಆಸ್ತಿ ತೆರಿಗೆ ಕಳೆದು, ಉಳಿದದ್ದರ ಶೇ 30ಕ್ಕೆ ಆದಾಯ ತೆರಿಗೆ ವಿನಾಯಿತಿ ಇದೆ. ಸಾಲದ ಬಡ್ಡಿಯನ್ನೂ ಕಳೆಯಬಹುದು. ಆದರೆ ಹೊಸ ತೆರಿಗೆ ಪದ್ಧತಿಯಲ್ಲಿ ಬಡ್ಡಿಯಿಂದಾದ ನಷ್ಟವನ್ನು ಸಂಬಳದ ಲೆಕ್ಕದಲ್ಲಿ ಕಳೆಯುವಂತಿಲ್ಲ. ಹಳೆಯದರಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಅವಕಾಶವಿದೆ.

ಅಡ್ವಾನ್ಸ್ ಹಣವನ್ನು ಮಾತ್ರ ಕಂತಿಗೆ ಬಳಸಬೇಡಿ. ಅದು ಬಾಡಿಗೆದಾರರದ್ದು. ಬೇರೆ ಖಾತೆಯಲ್ಲಿಟ್ಟು, ಅವರು ಕೀಲಿ ಕೊಟ್ಟ ದಿನವೇ ವಾಪಸ್ ಕೊಡಿ.