ಬಂದರಿನ ತಕರಾರನ್ನು ಸಂಡೂರಿನ ಯಾರ್ಡಿನಲ್ಲೇ ಬಗೆಹರಿಸಿದ ಬಗೆ

ನೀರು ಹೆಚ್ಚಾದರೆ ಹಡಗಿನ ಒಡಲಲ್ಲಿ ಕೆಸರಿನಂತೆ ಹರಿದು ಹಡಗನ್ನೇ ಮುಳುಗಿಸಬಲ್ಲ ಕಬ್ಬಿಣದ ಪುಡಿ ಅದಿರಿನ ತೇವಾಂಶದ ಜಗಳವನ್ನು ಬಂದರಿನಲ್ಲಿಯೇ ಮುಗಿಸಿಕೊಳ್ಳಬೇಕು, ಯಾರ್ಡಿನಲ್ಲಿ ಒಣಗಿಸುತ್ತ ಕುಳಿತರೆ ಹಣ ಸುಟ್ಟಂತೆ ಎಂದು ಬಳ್ಳಾರಿ ಮತ್ತು ಹೊಸಪೇಟೆಯ ನನ್ನ ಸಹವ್ಯಾಪಾರಿಗಳು ಹೇಳುತ್ತಲೇ ಬಂದಿದ್ದಾರೆ. ಕಳೆದ ಎರಡು ಹಂಗಾಮುಗಳಲ್ಲಿ ನನ್ನ ಸರಕು ಒಮ್ಮೆಯೂ ತಿರಸ್ಕೃತವಾಗದೆ ಹಡಗು ಏರಿರುವುದರಿಂದ ಈಗ ಬರೆಯಬಹುದು ಅನ್ನಿಸಿದೆ.

2010ರ ಜುಲೈನಲ್ಲಿ ನಿಂತುಹೋದ ನಮ್ಮ ರಾಜ್ಯದ ಅದಿರು ರಫ್ತಿಗೆ ಸುಪ್ರೀಂ ಕೋರ್ಟು 2022ರ ಮೇ 20ರಂದು ಮತ್ತೆ ಅವಕಾಶ ಕೊಟ್ಟಿತು. ಎರಡೇ ದಿನದಲ್ಲಿ ಎಲ್ಲ ದರ್ಜೆಯ ಅದಿರಿನ ಮೇಲೂ ಶೇ 50ರ ರಫ್ತು ಸುಂಕ ಬಿತ್ತು. ನವೆಂಬರಿನಲ್ಲಿ ಶೇ 58ಕ್ಕಿಂತ ಕಡಿಮೆ ಕಬ್ಬಿಣಾಂಶದ ಪುಡಿಗೆ ಸುಂಕ ತೆಗೆದ ಮೇಲೆಯೇ ನಾವು ಕೆಲವರು ಗುಂತಕಲ್ ದಾರಿಯಾಗಿ ಪೂರ್ವ ಕರಾವಳಿಗೆ ರೇಕುಗಳನ್ನು, ಅಂದರೆ ಸರಕು ರೈಲುಗಳನ್ನು, ಕಳುಹಿಸತೊಡಗಿದೆವು. ನಾವು ಸುಮ್ಮನಿದ್ದ ಆ ಹನ್ನೆರಡು ವರ್ಷಗಳಲ್ಲಿ ನಿಯಮಗಳು ಸುಮ್ಮನಿರಲಿಲ್ಲ. ಹಡಗಿನ ಬಿಡಿ ಸರಕಿನ ಅಂತರರಾಷ್ಟ್ರೀಯ ಸಂಹಿತೆ 2011ರ ಜನವರಿ 1ರಿಂದ ಕಡ್ಡಾಯವಾಗಿತ್ತು. 2017ರಿಂದ ಪುಡಿ ಅದಿರಿಗೆ ಅದರಲ್ಲಿ ಪ್ರತ್ಯೇಕ ಪುಟವೇ ಸೇರಿತ್ತು.

ಮೊದಲ ಸರಕಿನ ಪ್ರಮಾಣಪತ್ರದಲ್ಲಿ ಟಿಎಂಎಲ್ (ಹಡಗಿನಲ್ಲಿ ಸುರಕ್ಷಿತವಾಗಿ ಸಾಗಿಸಬಹುದಾದ ಗರಿಷ್ಠ ತೇವಾಂಶ) ಶೇ ಒಂಬತ್ತೂವರೆಯ ಆಸುಪಾಸು, ತೇವಾಂಶ ಎಂಟೂಮುಕ್ಕಾಲಿನ ಒಳಗೆ ಎಂದು ಬರೆದಿತ್ತು. ಹಡಗಿನ ಚೀಫ್ ಆಫೀಸರ್ ಕಾಗದವನ್ನು ಓದಿ ಮಡಚಿಟ್ಟು, ಹಡಗು ನಿಲ್ಲುವ ಬರ್ತಿನ ರಾಶಿಯ ಬುಡದಿಂದ ಅದಿರು ತೆಗೆದು ಒಂದು ಡಬ್ಬದ ಅರ್ಧಕ್ಕೆ ತುಂಬಿ, ಗೇಣೆತ್ತರದಿಂದ ಕಬ್ಬಿಣದ ಹಾಸಿನ ಮೇಲೆ ಒಂದೇ ಲಯದಲ್ಲಿ 25 ಬಾರಿ ಕುಟ್ಟಿದರು. ಹದಿನೈದನೆಯ ಏಟಿನ ಹೊತ್ತಿಗೆ ಪುಡಿಯ ಮೇಲ್ಮೈ ಮಟ್ಟಸವಾಗಿ ಹೊಳೆಯತೊಡಗಿತು, ಕೊನೆಗೆ ಅಂಚಿನಲ್ಲಿ ನೀರಿನ ಗೆರೆ ಕಾಣಿಸಿತು. ಕ್ಯಾಪ್ಟನ್ ಲೋಡಿಂಗ್ ನಿಲ್ಲಿಸಿದರು. ಅಂದಿನ ಬಾಡಿಗೆಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಲಕ್ಷ ರೂಪಾಯಿ ಡೆಮರೇಜ್, ಅಂದರೆ ಹಡಗು ತಡೆದದ್ದಕ್ಕೆ ದಂಡ. ವಾರದ ಹತ್ತಿರ ಹಡಗು ನಿಂತಿತು. ಬೇರೆ ಪ್ರಮಾಣಪತ್ರ ಮಾಡಿಸಿಕೊಡುತ್ತೇನೆ ಎಂದು ಒಬ್ಬ ಏಜೆಂಟ್ ಮುಂದೆ ಬಂದಿದ್ದ. 2009ರ ಜುಲೈನಲ್ಲಿ ಮಂಗಳೂರಿನ ಬಳಿ ಏಷ್ಯನ್ ಫಾರೆಸ್ಟ್, ಸೆಪ್ಟೆಂಬರಿನಲ್ಲಿ ಪಾರಾದೀಪದ ಬಳಿ ಬ್ಲ್ಯಾಕ್ ರೋಸ್ ಮುಳುಗಿದಾಗ ಎರಡರ ಒಡಲಲ್ಲೂ ಇದ್ದದ್ದು ಪುಡಿ ಅದಿರೇ ಎಂಬುದು ನಮ್ಮ ವ್ಯಾಪಾರದವರು ಮರೆಯುವ ಸಂಗತಿಯಲ್ಲ. ನಾನು ಆ ಏಜೆಂಟನನ್ನು ವಾಪಸು ಕಳುಹಿಸಿಬಿಟ್ಟೆ.

ಮುಂದಿನ ವರ್ಷವೆಲ್ಲ ಪ್ರಯೋಗಗಳಿಗೆ ಹೋಯಿತು. ರಾಶಿಗೆ ಪೂರ್ತಿ ಟಾರ್ಪಾಲಿನ್ ಹೊದಿಸಿದಾಗ ಹಗಲಿನ ಆವಿಯೆಲ್ಲ ರಾತ್ರಿ ಹನಿಯಾಗಿ ಮತ್ತೆ ರಾಶಿಗೇ ಇಳಿಯಿತು. ಬಾಡಿಗೆಗೆ ತಂದ ರೋಟರಿ ಡ್ರೈಯರ್ ಚೆನ್ನಾಗಿಯೇ ಒಣಗಿಸಿತು. ಆದರೆ ಟನ್ನಿಗೆ ಇನ್ನೂರು ರೂಪಾಯಿ ದಾಟಿದ ಇಂಧನದ ಲೆಕ್ಕ ಲಾಭವನ್ನು ನುಂಗಿತು, ಧೂಳಿಗೆ ಅಕ್ಕಪಕ್ಕದ ಹೊಲದವರು ಬಂದು ನಿಂತರು. ಸುಣ್ಣ ಬೆರೆಸಿದ್ದಕ್ಕೆ ಖರೀದಿದಾರ ದರ ಕಡಿತಗೊಳಿಸಿದ. ಒಣ ಬ್ಲೂ ಡಸ್ಟ್ (ಕಬ್ಬಿಣಾಂಶ ಹೆಚ್ಚಿರುವ ನುಣುಪು ಪುಡಿ ಅದಿರು) ಬೆರೆಸಿದರೆ ಸರಾಸರಿ ತೇವಾಂಶವೇನೋ ಇಳಿಯುತ್ತದೆ, ಆದರೆ ಕಬ್ಬಿಣಾಂಶ ಶೇ 58 ದಾಟಿ ಸುಂಕದ ಬಾಯಿಗೆ ಬೀಳುತ್ತೇವೆ. ಗೋಯೆಥೈಟ್ ಎಂಬ ಕಬ್ಬಿಣದ ಖನಿಜ ಶೇ 35 ಅಥವಾ ಅದಕ್ಕೂ ಹೆಚ್ಚಿದ್ದರೆ ಪುಡಿಯನ್ನು ದ್ರವೀಕರಣದ ಭಯವಿಲ್ಲದ ಸರಕಿನ ಗುಂಪಿನಲ್ಲಿ ಕಳುಹಿಸಲು ಸಂಹಿತೆಯಲ್ಲಿ ಅವಕಾಶವಿರುವುದರಿಂದ ಗುಡ್ಡದ ಮೇಲ್ಪದರದ ಹಳದಿ ಅದಿರನ್ನು ಎಕ್ಸ್-ರೇ ಪರೀಕ್ಷೆಗೆ ಕಳುಹಿಸಿ ಲಕ್ಷದ ಮೇಲೆ ಖರ್ಚು ಮಾಡಿದೆ. ಒಂದು ಮಾದರಿಯೂ ಮೂವತ್ತನ್ನು ಮುಟ್ಟಲಿಲ್ಲ. ಆದರೂ ಆ ವರದಿಗಳಿಂದ ಯಾವ ಪದರದ ಅದಿರು ಹೆಚ್ಚು ನೀರು ಹಿಡಿದಿಡುತ್ತದೆ ಎಂಬುದು ತಿಳಿಯಿತು, ಮುಂದೆ ಅದೇ ಉಪಯೋಗಕ್ಕೆ ಬಂತು.

ಕೊನೆಗೆ ಫಲ ಕೊಟ್ಟದ್ದು ಬಹಳ ಸಾದಾ ವಿಧಾನ. ಎತ್ತರದ ರಾಶಿಗಳನ್ನು ಬಿಟ್ಟು, ಗಾಳಿಗೆ ಅಡ್ಡಲಾಗಿ, ಎದೆಮಟ್ಟವನ್ನು ಮೀರದ ಉದ್ದನೆಯ ಸಾಲುಗಳನ್ನು ಹಾಕಿದೆ. ಕೆಳಗೆ ಅರ್ಧ ಅಡಿ ದಪ್ಪಕ್ಕೆ ಗಟ್ಟಿ ಅದಿರಿನ ಹಾಸು, ನೂರು ಅಡಿಗೆ ಒಂದೂವರೆ ಎರಡು ಅಡಿ ಇಳಿಜಾರು, ತಗ್ಗಿನ ಕಡೆ ಕಾಲುವೆ. ಕಣದಲ್ಲಿ ಜೋಳದ ತೆನೆಯನ್ನು ಹೊರಳಿಸುವಂತೆ ಸಾಲನ್ನು ಪಕ್ಕಕ್ಕೆ ಮಗುಚುತ್ತ ಹೋಗಬೇಕು. ಲೋಡರಿನ ಚಕ್ರ ಅದಿರಿನ ಮೇಲೆ ಹತ್ತಲೇಬಾರದು, ಹತ್ತಿದರೆ ಪುಡಿ ಇನ್ನೂ ನುಣುಪಾಗುತ್ತದೆ. ವ್ಯಾಗನ್ನಿಗೆ ತುಂಬುವಾಗ ಸಾಲಿನ ಕೆಳಗಿನ ಒಂದೂವರೆ ಅಡಿಯನ್ನು ಮುಟ್ಟದೆ ಬಿಡುತ್ತೇನೆ. ನೀರೆಲ್ಲ ಅಲ್ಲಿಯೇ ಕೂತಿರುತ್ತದೆ. ಮಗುಚುವ ಹೊತ್ತು ಮತ್ತು ಎರಡು ಪದರಗಳನ್ನು ಬೆರೆಸುವ ಪ್ರಮಾಣ ನನ್ನ ಹೊಟ್ಟೆಪಾಡು, ಅವನ್ನು ಇಲ್ಲಿ ಬರೆಯುವುದಿಲ್ಲ.

ಟಿಎಂಎಲ್‌ಗಿಂತ ತೇವಾಂಶ ಎರಡು ಶೇಕಡಾ ಅಂಶ ಕೆಳಗೆ ಬರುವವರೆಗೆ ರೇಕ್ ತುಂಬಿಸುವುದಿಲ್ಲ. 58 ವ್ಯಾಗನ್ನುಗಳ ರೇಕ್ ಕುಲುಕುತ್ತ ಹೋಗುವಾಗ ನೀರು ತಳಕ್ಕೆ ಇಳಿಯುವುದರಿಂದ ವ್ಯಾಗನ್ನಿನ ಮೇಲ್ಭಾಗದ ಮಾದರಿಯನ್ನು ನಾನು ನಂಬುವುದಿಲ್ಲ. ಬಂದರಿನಲ್ಲಿ ಲೋಡಿಂಗಿಗೆ ಹಿಂದಿನ ಏಳು ದಿನದೊಳಗಿನ ತೇವಾಂಶ ಪರೀಕ್ಷೆ ಬೇಕು, ನಡುವೆ ಮಳೆ ಬಿದ್ದರೆ ಮತ್ತೊಮ್ಮೆ ಮಾಡಿಸಬೇಕು. ಹಿಂಗಾರಿನ ದಿನಗಳಲ್ಲಿ ಆ ಕರಾವಳಿಗೆ ಸರಕು ಕಳುಹಿಸುವ ಆಸೆಯನ್ನೇ ಬಿಟ್ಟಿದ್ದೇನೆ.

ಇದರಷ್ಟೇ ಮುಖ್ಯವಾದುದು ಪರೀಕ್ಷಿಸುವವರ ಅರ್ಹತೆ. ಮಾದರಿಯನ್ನು ತರಬೇತಿ ಪಡೆದವರೇ ತೆಗೆಯಬೇಕು ಎಂದು ಸಂಹಿತೆ ಹೇಳುತ್ತದೆ. ರಾಶಿಯ ನೆತ್ತಿಯಿಂದ ನಾಲ್ಕು ಹಿಡಿ ತೆಗೆದು ಚೀಲ ಕಟ್ಟಿದ ಪದವೀಧರ ಸರ್ವೇಯರನ್ನೂ ನಾನು ಕಂಡಿದ್ದೇನೆ, ಅಂಥ ಕಾಗದ ನನ್ನ ಪರವಾಗಿದ್ದರೂ ಬೇಡ. ವಿದೇಶ ಯಾನದ ಮಾಸ್ಟರ್, ಅಂದರೆ ಕ್ಯಾಪ್ಟನ್ ಪ್ರಮಾಣಪತ್ರ ಪಡೆದು, ಸ್ವತಃ ಅದಿರಿನ ಹಡಗು ನಡೆಸಿ, ಆಮೇಲೆ ಬಂದರಿನ ಕೆಲಸಕ್ಕೆ ಬಂದ ಅಧಿಕಾರಿಯೊಬ್ಬರು ನನ್ನ ಲಿಖಿತ ಕಾರ್ಯವಿಧಾನವನ್ನು ನೋಡಿ, ಸಾಲಿನ ಬುಡವನ್ನು ಏನು ಮಾಡುತ್ತೀರಿ ಎಂದು ಮೊದಲು ಕೇಳಿದರು. ವ್ಯಾಪಾರಿಗಳಲ್ಲಿ ಹೆಚ್ಚಿನವರಿಗೆ ಅಂಥವರೆಂದರೆ ಭಯ, ನನಗೆ ಅಂಥವರಿದ್ದರೆ ಕೆಲಸ ಬೇಗ ಮುಗಿಯುತ್ತದೆ. ತೇವಾಂಶ ನಿಯಂತ್ರಣದ ಆ ಕಾರ್ಯವಿಧಾನಕ್ಕೆ ಸಕ್ಷಮ ಪ್ರಾಧಿಕಾರದ ಒಪ್ಪಿಗೆ ಪಡೆಯಲು ತಿಂಗಳುಗಳೇ ಹಿಡಿದವು, ಆದರೆ ಒಪ್ಪಿಗೆ ಕೈಯಲ್ಲಿದ್ದ ಮೇಲೆ ಕ್ಯಾಪ್ಟನ್ನರ ಪ್ರಶ್ನೆಗಳು ಅರ್ಧಕ್ಕಿಳಿದವು. ಡಬ್ಬದ ಪರೀಕ್ಷೆಯನ್ನು ಅವರು ಈಗಲೂ ಮಾಡುತ್ತಾರೆ, ಮಾಡಲಿ, ಪುಡಿ ಹೊಳೆಯುವುದಿಲ್ಲ.

ಒಟ್ಟು ಖರ್ಚು ಈಗ ಟನ್ನಿಗೆ ಎಪ್ಪತ್ತರಿಂದ ತೊಂಬತ್ತು ರೂಪಾಯಿ, ಬುಡದಲ್ಲಿ ಉಳಿದ ಅದಿರಿನ ಬಡ್ಡಿ ಬೇರೆ. ಹಣ ಸುಡುತ್ತಿದ್ದೇನೆ ಎಂದವರ ಪೈಕಿ ಇಬ್ಬರು ಈ ಹಂಗಾಮಿನಲ್ಲಿ ತಮ್ಮ ಪುಡಿಯನ್ನು ನನ್ನ ಯಾರ್ಡಿನಲ್ಲೇ ಒಣಗಿಸಿಕೊಡಲು ಕೇಳಿದ್ದಾರೆ, ಒಪ್ಪಿದ್ದೇನೆ. ಬಾಡಿಗೆ ಮಾತ್ರ ಮುಂಗಡ.