ಹೊರಗಿನಿಂದ ಮನೆಯ ಕ್ಯಾಮೆರಾ ಕಾಣದಿದ್ದಾಗ
ಕಲಬುರಗಿಯ ನಮ್ಮ ಮನೆಯ ಕ್ಯಾಮೆರಾಗಳು ವೈಫೈನಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು. ಬೀದರಿನಿಂದ ಮೊಬೈಲ್ ಡೇಟಾದಲ್ಲಿ ತೆರೆದರೆ ಸಂಪರ್ಕವೇ ಸಿಗುತ್ತಿರಲಿಲ್ಲ. ಹೊರಗಿನ ಸಂಪರ್ಕವನ್ನು ಮನೆಯೊಳಗಿನ ಸಾಧನಕ್ಕೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ಮತ್ತು ಡಿಎಂಜೆಡ್, ಬದಲಾಗುವ ವಿಳಾಸಕ್ಕೆ ಸ್ಥಿರ ಹೆಸರು ಕೊಡುವ ಡಿಡಿಎನ್‌ಎಸ್ ಯಾವುದೂ ಫಲಿಸಲಿಲ್ಲ. ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) 100.64ರಿಂದ 100.127ರ ನಡುವೆ ಆರಂಭವಾಗುತ್ತಿದ್ದರೆ, ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ಸಿಜಿನ್ಯಾಟ್ ಇದೆಯೆಂದೂ, ಹೊರಗಿನಿಂದ ಬರುವ ಸಂಪರ್ಕ ನಮ್ಮ ರೂಟರನ್ನು ತಲುಪುವುದೇ ಇಲ್ಲವೆಂದೂ ತಿಳಿಯಬೇಕು. ನಮ್ಮದೂ ಹಾಗೆಯೇ ಇತ್ತು.

ಮೊದಲು ಸೇವಾದಾರರಿಂದ ಸ್ಟ್ಯಾಟಿಕ್ ಪಬ್ಲಿಕ್ ಐಪಿ (ನಮಗೇ ಮೀಸಲಾದ, ಬದಲಾಗದ ಸಾರ್ವಜನಿಕ ವಿಳಾಸ) ಪಡೆದು, ರೂಟರನ್ನು ಮತ್ತೆ ಚಾಲೂ ಮಾಡಿ, ವ್ಯಾನ್ ಐಪಿ ಅದೇ ಆಗಿರುವುದನ್ನು ಖಚಿತಪಡಿಸಿಕೊಂಡೆ. ಬಳಿಕ ಕ್ಯಾಮೆರಾಗಳ ದೃಶ್ಯ ದಾಖಲಿಸುವ ಡಿವಿಆರ್‌ಗೆ 192.168.1.108 ಎಂಬ ಮನೆಯೊಳಗಿನ ಸ್ಥಿರ ವಿಳಾಸ ಕೊಟ್ಟು, ಹಳೆಯ ಫಾರ್ವರ್ಡಿಂಗ್ ನಿಯಮಗಳನ್ನೆಲ್ಲ ಅಳಿಸಿ (ಡಿವಿಆರನ್ನು ನೇರವಾಗಿ ಹೊರಗೆ ತೆರೆದಿಡುವುದು ಅಪಾಯಕರ), ರೂಟರಿನಲ್ಲೇ ಇದ್ದ, ಹೊರಗಿನಿಂದ ಮನೆಯ ಜಾಲಕ್ಕೆ ಸುರಕ್ಷಿತ ದಾರಿ (ವಿಪಿಎನ್) ತೆರೆಯುವ ವೈರ್‌ಗಾರ್ಡ್ ಸರ್ವರನ್ನು ಯುಡಿಪಿ ಪೋರ್ಟ್ 51820ರಲ್ಲಿ ಆರಂಭಿಸಿದೆ. ಫೋನಿನ ವೈರ್‌ಗಾರ್ಡ್‌ನಲ್ಲಿ ಅಲೌಡ್ ಐಪೀಸ್ (Allowed IPs, ಈ ದಾರಿಯಲ್ಲಿ ಹೋಗಬೇಕಾದ ವಿಳಾಸಗಳ ಪಟ್ಟಿ) ಜಾಗದಲ್ಲಿ ವೈರ್‌ಗಾರ್ಡ್ ಜಾಲದ ಜೊತೆಗೆ ಮನೆಯ ಜಾಲವಾದ 192.168.1.0/24 ಇರಲೇಬೇಕು. ಫೋನಿನ ವೈಫೈ ಆಫ್ ಮಾಡಿ, ವೈರ್‌ಗಾರ್ಡ್ ಹಚ್ಚಿ, ಕ್ಯಾಮೆರಾ ಆ್ಯಪ್‌ನಲ್ಲಿ ಡಿವಿಆರಿನ ಅದೇ ಒಳವಿಳಾಸವನ್ನು ನಮೂದಿಸಿದಾಗ ಚಿತ್ರ ಮೂಡಿತು.